ಕೂಡ್ರಿಸಿದಷ್ಟೂ ಸೋಲುವ ಕಾಲು: ನಮ್ಮ ಹಿರಿಯರು ಯಾಕೆ ಬೀಳುತ್ತಾರೆ, ಕಸರತ್ತು ಯಾಕೆ ಬೇಡ ಅನ್ನುತ್ತಾರೆ?

ಓಣಿಯಲ್ಲಿ ಯಾರೋ ಹಿರಿಯರು ಬಿದ್ದರು ಅನ್ನುವ ಸುದ್ದಿ ಬಂದರೆ ಮಾತು ಹೇಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು. ಎಲ್ಲಿ ಬಿದ್ರು? ಬಚ್ಚಲದಾಗ. ಎಲುಬು ಮುರೀತೇನು? ಹೌದಂತ, ಟೊಂಕದ ಎಲುಬು. ಅಷ್ಟರಲ್ಲಿ ಯಾರೋ ಒಬ್ಬರು ‘ವಯಸ್ಸಾತಲ್ಲ, ಏನ್ ಮಾಡೂದು’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಬೀಳುವುದಕ್ಕೆ ಆರು ತಿಂಗಳು ಮೊದಲು ಅವರು ಕೈ ಊರದೆ ಕುರ್ಚಿಯಿಂದ ಏಳುತ್ತಿದ್ದರಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಬೀಳುವ ಕಥೆ ಬಹಳ ಸಲ ಆ ಕುರ್ಚಿಯಲ್ಲೇ ಶುರುವಾಗಿರುತ್ತದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಹಿರಿಯರನ್ನು ಪ್ರೀತಿಯಿಂದ ನೋಡಿಕೊಳ್ಳುವವರಿಗೆ ಕೊರತೆಯಿಲ್ಲ. ಆದರೆ ಆ ಪ್ರೀತಿ ಅವರನ್ನು ಕೂಡ್ರಿಸುತ್ತದೆ. ಕೂತಷ್ಟೂ ಕಾಲಿನ ಕಸುವು ಹೋಗುತ್ತದೆ. ಕಸುವು ಹೋದಷ್ಟೂ ಬೀಳುವುದು ಜಾಸ್ತಿಯಾಗುತ್ತದೆ. ಇತ್ತ ಹಿರಿಯರಿಗೆ ಕಸರತ್ತು ಮಾಡಿ ಅಂದರೆ ನಕ್ಕು ಸುಮ್ಮನಾಗುತ್ತಾರೆ. ಅವರಿಗೆ ಅವರದೇ ಕಾರಣಗಳಿವೆ, ಸೋಮಾರಿತನ ಅಂತ ತಳ್ಳಿಹಾಕುವಂಥವಲ್ಲ. ಆ ಕಾರಣಗಳನ್ನು ಕೂತು ಕೇಳದೆ ನಾವು ಎಷ್ಟು ಬುದ್ಧಿ ಹೇಳಿದರೂ ನಡೆಯುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಈ ಸಮಸ್ಯೆ ಎಷ್ಟು ದೊಡ್ಡದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಜಾಗ ಇದರದ್ದೇ. ಹೀಗೆ ಸತ್ತವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. 65 ದಾಟಿದವರಲ್ಲಿ ಪ್ರತಿ ವರ್ಷ ಶೇ 28ರಿಂದ 35ರಷ್ಟು ಮಂದಿ ಒಂದು ಸಲವಾದರೂ ಬೀಳುತ್ತಾರೆ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಜಾಸ್ತಿ ಇದ್ದರು. ಈಗ ಇನ್ನೂ ಹೆಚ್ಚಾಗಿದ್ದಾರೆ.

ಬಿದ್ದವರೆಲ್ಲ ಎಲುಬು ಮುರಿದುಕೊಳ್ಳುವುದಿಲ್ಲ, ನಿಜ. ಆದರೆ ಟೊಂಕದ ಎಲುಬು ಮುರಿದುಕೊಂಡ ಹಿರಿಯರನ್ನು ಕೇಳಿ ನೋಡಿ, ಬಹುತೇಕ ಮಂದಿ ಬಿದ್ದೇ ಮುರಿದುಕೊಂಡಿರುತ್ತಾರೆ. ಬೇರೆ ಬೇರೆ ದೇಶಗಳ ಲೆಕ್ಕ ನೋಡಿದರೆ, ಇಂಥವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಬಹಳ ಜನ ಮೊದಲಿನ ಹಾಗೆ ನಡೆಯುವುದಿಲ್ಲ. ಆಪರೇಷನ್ ಖರ್ಚು, ತಿಂಗಳುಗಟ್ಟಲೆ ಹಾಸಿಗೆ, ನೋಡಿಕೊಳ್ಳಲು ಕೆಲಸ ಬಿಟ್ಟು ಕೂರುವ ಸೊಸೆ ಅಥವಾ ಮಗಳು. ಒಬ್ಬರು ಬಿದ್ದರೆ ಇಡೀ ಮನೆಯೇ ಬಿದ್ದಂತೆ.

ಅವರು ಹೇಳುವ ಕಾರಣಗಳು

‘ನನಗೇನಾಗೇತಿ? ಕಲ್ಲಿದ್ದಂಗ ಅದೀನಿ.’

ಎಪ್ಪತ್ತೈದು ದಾಟಿದ ಅಪ್ಪನ ಹತ್ತಿರ ಬೀಳುವ ಮಾತೆತ್ತಿದರೆ ಸಿಗುವ ಉತ್ತರ ಇದು. ಬೀಳುವುದು ಯಾವಾಗಲೂ ಬೇರೆಯವರು. ಪಕ್ಕದ ಮನೆಯವರಿಗೆ ಕಣ್ಣು ಕಾಣುವುದಿಲ್ಲ, ಎದುರು ಮನೆಯವರಿಗೆ ಶುಗರ್, ನನಗೆ ಏನೂ ಇಲ್ಲ. ಇದು ನಮ್ಮ ಕಡೆಯವರದೇ ಹಟ ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ 61ರಿಂದ 94 ವಯಸ್ಸಿನ 66 ಜನರನ್ನು ಕೂಡ್ರಿಸಿ ಮಾತಾಡಿಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಲೂ ಕಂಡಿದ್ದು ಇದೇ. ಬೀಳದಂತೆ ಕೊಡುವ ಸಲಹೆ ಒಳ್ಳೆಯದೇ, ಆದರೆ ಅದು ಇನ್ನಾರಿಗೋ ಬೇಕಾದದ್ದು ಅನ್ನುವ ಭಾವನೆ. ಆ ಸಲಹೆಯಲ್ಲಿ ಅವರಿಗೆ ಕೇಳಿಸಿದ್ದು ‘ನಿನಗೆ ವಯಸ್ಸಾಯಿತು, ನಿನ್ನ ಕೈಲಾಗುವುದಿಲ್ಲ’ ಅನ್ನುವ ಮಾತು. ಯಾರಿಗೆ ಹಿಡಿಸುತ್ತದೆ ಹೇಳಿ? ಬಡಿಗಿ ಹಿಡಿಯಲು ನಮ್ಮ ಮುತ್ಯಾಗಳು ಒಪ್ಪದಿರುವುದೂ ಇದಕ್ಕೇ. ಕೈಯಲ್ಲಿ ಬಡಿಗಿ ಬಂತು ಅಂದರೆ ಓಣಿಯವರ ಕಣ್ಣಲ್ಲಿ ಮುದುಕ ಆದಂತೆ.

ಹಾಗಾಗಿ ‘ಬೀಳಬಾರದು ಅಂದ್ರ ಕಸರತ್ತು ಮಾಡ್ರಿ’ ಅನ್ನುವ ಮಾತೇ ತಪ್ಪು ತುದಿಯಿಂದ ಶುರುವಾಗುತ್ತದೆ. ಆ ಅಧ್ಯಯನ ಮಾಡಿದವರೂ ಹೇಳಿದ್ದು ಇದನ್ನೇ. ಅಪಾಯವನ್ನು ತೋರಿಸಿ ಹೆದರಿಸಬೇಡಿ, ಮಾಡಿದರೆ ಏನು ಸಿಗುತ್ತದೆ ಅಂತ ಹೇಳಿ. ನಮ್ಮ ಹಿರಿಯರಿಗೆ ಬೇಕಾಗಿದ್ದು ಏನು? ದುರ್ಗದಬೈಲಿಗೆ ತಾವೇ ಹೋಗಿ ಕಾಯಿಪಲ್ಲೆ ಆರಿಸಿ ತರಬೇಕು. ಜಾತ್ರೆಗೆ ಹೋಗಿ ತೇರು ನೋಡಬೇಕು. ಮಠದಲ್ಲಿ ದಾಸೋಹದ ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಂಡು, ಯಾರೂ ರಟ್ಟೆ ಹಿಡಿದು ಎತ್ತದೆ ತಾವೇ ಏಳಬೇಕು. ಅದಕ್ಕೆ ಕಾಲಲ್ಲಿ ಕಸುವು ಬೇಕು. ಮಾತು ಇಲ್ಲಿಂದ ಶುರುವಾದರೆ ಅಪ್ಪ ಕಿವಿಗೊಡುತ್ತಾರೆ.

ಇನ್ನೊಂದು ಕಾರಣವನ್ನು ನಾನು ಬಹಳ ಗೌರವದಿಂದ ಕೇಳುತ್ತೇನೆ. ‘ಜೀವಮಾನ ಹೊಲದಾಗ ದುಡದೀನಿ, ಇನ್ಯಾಕ ಬೇಕು ಕಸರತ್ತು?’ ಇದು ಸುಳ್ಳಲ್ಲ. ಎರೆಹೊಲದಲ್ಲಿ ಕಳೆ ತೆಗೆದವರು, ಬೆಟಗೇರಿಯಲ್ಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿದವರು, ಬ್ಯಾಡಗಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದವರು. ಇವರ ಮೈ ಕೆಲಸ ಕಂಡ ಮೈ. ಅಂಥವರಿಗೆ ಕೈಕಾಲು ಆಡಿಸಿ ಅಂತ ಹೇಳುವುದು ಅವರ ದುಡಿಮೆಯನ್ನೇ ಕಡೆಗಣಿಸಿದಂತೆ ಕೇಳಿಸಬಹುದು.

ಆದರೆ ಮೈ ಕಸುವು ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ. ನಲವತ್ತು ವರ್ಷ ಗಳಿಸಿದ್ದು ಇಪ್ಪತ್ತು ವರ್ಷ ಕೂತು ತಿನ್ನಲು ಬರುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಮಾಂಸಖಂಡ ಕರಗುತ್ತ ಹೋಗುತ್ತದೆ. ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚುತ್ತದೆ. ಹೊಲವನ್ನು ಮಗನಿಗೆ ಒಪ್ಪಿಸಿ ಊರಿಂದ ಹುಬ್ಬಳ್ಳಿಯ ಎರಡನೇ ಮಹಡಿಯ ಮನೆಗೆ ಬಂದು ಕೂತವರ ಕಾಲು ಒಂದೆರಡು ವರ್ಷದಲ್ಲೇ ಸಣ್ಣಗಾಗುವುದನ್ನು ನಾವೆಲ್ಲ ನೋಡಿದ್ದೇವೆ. ಊರಲ್ಲಿ ಗಟ್ಟಿಮುಟ್ಟಾಗಿದ್ದ ಅವ್ವ ಇಲ್ಲಿಗೆ ಬಂದ ಮೇಲೆ ಯಾಕೆ ಸೊರಗಿದಳು ಅಂತ ಮನೆಯವರಿಗೆ ಅಚ್ಚರಿ. ಸೊರಗದೆ ಏನಾದೀತು? ನೀರು ತರುವುದಿಲ್ಲ, ಕಸ ಹೊಡೆಯುವುದಿಲ್ಲ, ನೆಲಕ್ಕೆ ಕೂರುವುದಿಲ್ಲ. ದಿನವಿಡೀ ಸೋಫಾ, ಟಿವಿ.

ಹೋದ ಕಸುವು ಮತ್ತೆ ಬರುತ್ತದಾ? ಬರುತ್ತದೆ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಡುವ ಅಧ್ಯಯನ 1990ರದ್ದು. ಅಮೆರಿಕದ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರ ಕೊಟ್ಟು ಕಸರತ್ತು ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು. ತೊಂಬತ್ತು ವರ್ಷದವರಲ್ಲಿ! ಎಪ್ಪತ್ತಕ್ಕೇ ‘ಇನ್ನೇನು ಆಗುತ್ತದೆ’ ಅನ್ನುವವರಿಗೆ ಇದೊಂದನ್ನು ಹೇಳಿ ಸಾಕು.

ಹೆಣ್ಣುಮಕ್ಕಳ ಕಥೆ ಬೇರೆ. ಬೆಳಿಗ್ಗೆ ತೋಳನಕೆರೆಗೋ ಉಣಕಲ್ ಕೆರೆಗೋ, ಧಾರವಾಡದ ಕೆಲಗೇರಿ ಕೆರೆಗೋ, ಗದಗಿನ ಭೀಷ್ಮ ಕೆರೆಗೋ ಹೋಗಿ ನೋಡಿ. ಬಿಳಿ ಬೂಟು ಹಾಕಿ ಬೀಸಾಗಿ ನಡೆಯುವ ನಿವೃತ್ತ ನೌಕರರು ಕಾಣುತ್ತಾರೆ. ರೈಲ್ವೆ, ಬ್ಯಾಂಕು, ಶಾಲೆ, ಕಾಲೇಜುಗಳಲ್ಲಿ ಇದ್ದವರು. ಅವರ ಮನೆಯ ಹಿರಿಯ ಹೆಂಗಸರು ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಾರೆ. ಅವರನ್ನು ಕೇಳಿದರೆ ‘ಮನಿ ಕೆಲಸಾನೇ ಸಾಕಾಗೇತಿ’ ಅನ್ನುತ್ತಾರೆ. ಸ್ವಲ್ಪ ಒತ್ತಾಯ ಮಾಡಿದರೆ ಒಳಗಿನ ಮಾತು ಹೊರಗೆ ಬರುತ್ತದೆ: ‘ಈ ವಯಸ್ಸಿನಾಗ ಕೈಕಾಲ ಬೀಸ್ಕೋಂತ ನಿಂತ್ರ ಜನ ಏನಂದಾರು?’ ಜೊತೆಗೆ ಮೊಣಕಾಲು ನೋವು. ಮೊಣಕಾಲು ಸವೆದಿದೆ, ಇನ್ನಷ್ಟು ಆಡಿಸಿದರೆ ಇನ್ನಷ್ಟು ಸವೆಯುತ್ತದೆ ಅನ್ನುವ ನಂಬಿಕೆ ಬಹಳ ಗಟ್ಟಿ. ನಿಜ ಏನೆಂದರೆ, ಸವೆದ ಮೊಣಕಾಲಿಗೆ ವೈದ್ಯರು ಮೊದಲು ಹೇಳುವ ಚಿಕಿತ್ಸೆಗಳಲ್ಲಿ ತೊಡೆಯ ಸ್ನಾಯು ಬಲಪಡಿಸುವ ಕಸರತ್ತೂ ಒಂದು. ತೊಡೆ ಗಟ್ಟಿಯಾದರೆ ಕೀಲಿನ ಮೇಲೆ ಬೀಳುವ ಪೆಟ್ಟು ಕಡಿಮೆ. ಎಲುಬು ಹೆಚ್ಚು ಟೊಳ್ಳಾಗುವುದೂ, ಬಿದ್ದರೆ ಬೇಗ ಮುರಿದುಕೊಳ್ಳುವುದೂ ಹೆಣ್ಣುಮಕ್ಕಳೇ. ಆದರೂ ಊರು ಕಟ್ಟಿದ ವಾಕಿಂಗ್ ಟ್ರ್ಯಾಕಿನಲ್ಲಿ ಅವರೇ ಕಡಿಮೆ.

ಹಣೆಬರಹ, ಗ್ರಹಚಾರ ಅನ್ನುವವರೂ ಇದ್ದಾರೆ. ಅವರೊಂದಿಗೆ ವಾದ ಬೇಡ. ಬಿಪಿ ಗುಳಿಗೆ ನುಂಗುವಾಗ ಯಾರೂ ಹಣೆಬರಹ ಅಂತ ಬಿಡುವುದಿಲ್ಲ, ಇದೂ ಹಾಗೇ ಅಂತ ಮೆಲ್ಲಗೆ ಹೇಳಿದರೆ ಸಾಕು.

‘ಸುಮ್ನ ಕೂಡ್ರಿ, ನಾವು ಮಾಡ್ತೀವಿ’

ಒಂದು ಸಲ ಬಿದ್ದವರ ಮನಸ್ಸಿನಲ್ಲಿ ಭಯ ಮನೆ ಮಾಡುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಮೇರಿ ಟಿನೆಟ್ಟಿ 1980-90ರ ದಶಕಗಳಲ್ಲಿ ಈ ಭಯವನ್ನೇ ಅಳೆದು ನೋಡಿದರು. ಬೀಳುವ ಭಯವೇ ಜನರನ್ನು ಕೆಲಸ, ತಿರುಗಾಟ, ಭೇಟಿಗಳಿಂದ ದೂರ ಇಡುತ್ತದೆ ಅನ್ನುವುದು ಅಲ್ಲಿಂದ ಮುಂದೆ ಮತ್ತೆ ಮತ್ತೆ ಕಂಡುಬಂತು. ಹೆದರಿ ಕೂರುತ್ತಾರೆ, ಕೂತು ಸೋಲುತ್ತಾರೆ, ಸೋತು ಮತ್ತೆ ಬೀಳುತ್ತಾರೆ. ಎಲುಬು ಮುರಿಯದೆ ಇದ್ದರೂ ಆ ಒಂದು ಸಲದ ಬೀಳುವಿಕೆ ಬದುಕನ್ನು ಸಣ್ಣದು ಮಾಡಿಬಿಡುತ್ತದೆ. ಗುಡಿಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಓಣಿಯ ಕಟ್ಟೆಗೆ ಹೋಗುವುದು, ಆಮೇಲೆ ಪಡಸಾಲೆಗೆ ಬರುವುದೂ.

ಈ ಭಯಕ್ಕೆ ನೀರೆರೆಯುವವರು ನಾವು, ಮಕ್ಕಳು. ‘ಸುಮ್ನ ಕೂಡ್ರಿ, ನಾವು ಮಾಡ್ತೀವಿ.’ ‘ಅವ್ವಾ, ನೀ ಹೊರಗ ಹೋಗಬ್ಯಾಡ, ಬಿದ್ದ್ಗಿದ್ದೀ.’ ಒಳ್ಳೆಯ ಮನಸ್ಸಿನಿಂದ ಬರುವ ಮಾತುಗಳು. ನೀರಿನ ಲೋಟ ಕೈಗೆ ಕೊಡುತ್ತೇವೆ, ಚಪ್ಪಲಿ ಕಾಲಹತ್ತಿರ ಇಡುತ್ತೇವೆ, ಏಳುವ ಮೊದಲೇ ರಟ್ಟೆ ಹಿಡಿಯುತ್ತೇವೆ. ಒಂದು ದಿನದಲ್ಲಿ ಎಷ್ಟು ಸಲ ಅವರು ಎದ್ದು ಕೂರುವ ಅವಕಾಶವನ್ನು ನಾವು ತಪ್ಪಿಸುತ್ತೇವೆ ಅಂತ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಕಾಲಿಗೆ ಅದೇ ಕಸರತ್ತು ಆಗಿತ್ತಲ್ಲ! ನಾನು ಹೇಳುವುದು ಇಷ್ಟೇ: ಹತ್ತಿರ ನಿಲ್ಲಿ, ಹಿಡಿಯಲು ತಯಾರಾಗಿರಿ, ಆದರೆ ಅವರ ಕೆಲಸ ಕಸಿದುಕೊಳ್ಳಬೇಡಿ. ರೊಟ್ಟಿ ಬಡಿಯಲು ಬರುವ ಅವ್ವನಿಗೆ ರೊಟ್ಟಿ ಬಡಿಯಲು ಬಿಡಿ.

ವಾಕಿಂಗ್ ಸಾಕಾ?

ವಾಕಿಂಗ್ ಬಹಳ ಒಳ್ಳೆಯದು. ಹೃದಯಕ್ಕೆ, ಶುಗರ್‌ಗೆ, ನಿದ್ದೆಗೆ, ಮನಸ್ಸಿಗೆ. ಆದರೆ ಬೀಳುವುದನ್ನು ತಡೆಯುವ ವಿಚಾರದಲ್ಲಿ ಬರೀ ವಾಕಿಂಗ್ ಸಾಕು ಅನ್ನಲು ಗಟ್ಟಿ ಆಧಾರವಿಲ್ಲ. ಇದು ದಿನಾ ಕೆರೆ ಸುತ್ತುವ ಬಹಳ ಜನರಿಗೆ ಹೊಸ ಮಾತು.

2019ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸಂಶೋಧಕರು 25 ದೇಶಗಳ 108 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಮನೆಯಲ್ಲೇ ವಾಸಿಸುವ 23,407 ಹಿರಿಯರು ಅವುಗಳಲ್ಲಿ ಭಾಗವಹಿಸಿದ್ದರು. ಕಸರತ್ತು ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆಯಾಗಿತ್ತು. ಯಾವ ಕಸರತ್ತು ಅನ್ನುವುದು ಮುಖ್ಯ. ಸಮತೋಲನದ ಅಭ್ಯಾಸ, ಎದ್ದು ಕೂರುವಂಥ ದಿನನಿತ್ಯದ ಚಲನೆಗಳ ಅಭ್ಯಾಸ ಮಾಡಿದವರಲ್ಲಿ ಶೇ 24ರಷ್ಟು ಇಳಿಕೆ. ಇದರ ಜೊತೆ ಬಲ ಹೆಚ್ಚಿಸುವ ಕಸರತ್ತೂ ಸೇರಿದಾಗ ಇಳಿಕೆ ಶೇ 34ರ ಹತ್ತಿರ. ವಾಕಿಂಗ್ ಮಾತ್ರ ಮಾಡಿದವರ ವಿಷಯದಲ್ಲಿ ಹೀಗೇ ಅಂತ ಹೇಳಲು ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ಕಸರತ್ತು ಮಾಡಬೇಕು ಅಂತಿದೆ.

ಯಾಕೆ ಹೀಗೆ ಅಂದರೆ, ಕೆರೆಯ ಸುತ್ತ ಮಾಡಿದ ಸಪಾಟು ದಾರಿಯಲ್ಲಿ ನಡೆಯುವಾಗ ಕಾಲಿಗೆ ಪರೀಕ್ಷೆಯೇ ಇಲ್ಲ. ಬೀಳುವುದು ಎಡವಿದಾಗ, ತಿರುಗಿದಾಗ, ಹೊಸ್ತಿಲು ದಾಟುವಾಗ, ಒಂದು ಕಾಲೆತ್ತಿ ಚಡ್ಡಿಯೋ ಪ್ಯಾಂಟೋ ಹಾಕುವಾಗ, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದಾಗ. ಆ ಕ್ಷಣದಲ್ಲಿ ಕಾಲು ಸರಕ್ಕನೆ ಮುಂದೆ ಬಂದು ಮೈಯ ಭಾರ ಹೊರಬೇಕು. ಅದಕ್ಕೆ ಬೇಕಾಗಿದ್ದು ತೊಡೆ, ಮೀನಖಂಡಗಳ ಬಲ ಮತ್ತು ಒಂದೇ ಕಾಲಿನ ಮೇಲೆ ಅರೆಗಳಿಗೆ ನಿಲ್ಲುವ ಶಕ್ತಿ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇದಕ್ಕೇ ಒಂದು ಕ್ರಮ ರೂಪಿಸಿದರು. ಮನೆಯಲ್ಲೇ, ಸುಮಾರು ಅರ್ಧ ಗಂಟೆ, ವಾರಕ್ಕೆ ಮೂರು ಸಲ. ಕಾಲಿನ ಬಲದ ಮತ್ತು ಸಮತೋಲನದ ಕಸರತ್ತುಗಳು, ಬೇರೆ ದಿನ ವಾಕಿಂಗ್. ಅದನ್ನು ಮಾಡಿದವರಲ್ಲಿ ಬೀಳುವುದು ಶೇ 35ರಷ್ಟು ಕಡಿಮೆಯಾಯಿತು. ನಮ್ಮ ಮನೆಗಳಿಗೆ ಇನ್ನೂ ಚೆನ್ನಾಗಿ ಹೊಂದುವುದು ಆಸ್ಟ್ರೇಲಿಯಾದ ಒಂದು ಪ್ರಯೋಗ, 2012ರಲ್ಲಿ ಪ್ರಕಟವಾದದ್ದು. ಅಲ್ಲಿ ಕಸರತ್ತಿಗೆ ಬೇರೆ ಸಮಯವೇ ಇಡಲಿಲ್ಲ. ದಿನದ ಕೆಲಸದೊಳಗೇ ಸೇರಿಸಿದರು. ಪಾತ್ರೆ ತೊಳೆಯುವಾಗ ಒಂದು ಕಾಲ ಹಿಂದೆ ಒಂದು ಕಾಲಿಟ್ಟು ನಿಲ್ಲುವುದು, ಕೆಳಗಿನ ವಸ್ತು ತೆಗೆಯಲು ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸುವುದು, ಹೀಗೆ. 70 ದಾಟಿದ, ಹಿಂದೆ ಬಿದ್ದು ಅನುಭವವಿದ್ದ 317 ಜನರ ಆ ಪ್ರಯೋಗದಲ್ಲಿ ಬೀಳುವುದು ಶೇ 31ರಷ್ಟು ಇಳಿಯಿತು. ‘ಜನ ಏನಂದಾರು’ ಅನ್ನುವ ಅವ್ವನಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಒಲೆಯ ಕಟ್ಟೆ ಹಿಡಿದು ಹಾಲು ಕಾಯುವ ತನಕ ಹಿಮ್ಮಡಿ ಎತ್ತಿ ಇಳಿಸಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಒಂದೇ ಒಂದು ಕಸರತ್ತು ಹೇಳಿ ಅಂದರೆ ನಾನು ಕುರ್ಚಿಯಿಂದ ಏಳುವುದನ್ನೇ ಹೇಳುತ್ತೇನೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಜಾರುತ್ತದೆ. ಕಟ್ಟಿಗೆಯ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಮುಂದುಗಡೆಗೆ ಸರಿದು ಕೂರಬೇಕು, ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದೆ. ಮೂಗು ಮೊಣಕಾಲ ಮೇಲೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿ ನೆಲಕ್ಕೊತ್ತಿ ಏಳಬೇಕು. ಕೂರುವಾಗ ದೊಪ್ಪನೆ ಬೀಳಬಾರದು, ನಿಧಾನ ಇಳಿಯಬೇಕು. ಈ ಇಳಿಯುವುದರಲ್ಲೂ ಬಲ ಬರುತ್ತದೆ. ಮೊದಲ ವಾರ ಕೈ ಊರಿದರೂ ನಡೆಯುತ್ತದೆ. ಐದರಿಂದ ಶುರುಮಾಡಿ ಹತ್ತಕ್ಕೆ ಹೋಗಲಿ. ಮುಂದಿನ ಹಂತಕ್ಕೆ ಬಾಗಿಲ ಚೌಕಟ್ಟಿನ ನಡುವೆ ನಿಂತು, ಎರಡೂ ಕೈ ಚೌಕಟ್ಟಿನ ಹತ್ತಿರ ಇಟ್ಟುಕೊಂಡು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಲ್ಲುವುದು. ಬೀಳುವ ಹಾಗಾದರೆ ಹಿಡಿಯಲು ಎರಡೂ ಕಡೆ ಕಟ್ಟಿಗೆ ಇದೆ. ಎದೆನೋವು, ಚಕ್ಕರ್ ಬರುವವರು, ಈಚೆಗೆ ಆಪರೇಷನ್ ಆದವರು ವೈದ್ಯರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿಯೇ ಶುರುಮಾಡಬೇಕು.

ಎಲ್ಲಿದ್ದೇವೆ ಅಂತ ತಿಳಿಯಲು ಮನೆಯಲ್ಲೇ ಪರೀಕ್ಷೆಯಿದೆ. ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯ ಪ್ರಕಾರ 70ರಿಂದ 74ರ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 10ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. ಮೊಮ್ಮಕ್ಕಳ ಕೈಗೆ ಮೊಬೈಲ್ ಟೈಮರ್ ಕೊಟ್ಟು ಎಣಿಸಲು ಹೇಳಿ. ಅಜ್ಜನಿಗೆ ಹುಮ್ಮಸ್ಸು ಬರುತ್ತದೆ.

ನಮ್ಮ ಕಡೆ ಇದು ಹೊಸದೇನೂ ಅಲ್ಲ. ಹಳ್ಳಿಹಳ್ಳಿಗೆ ಗರಡಿಮನೆ ಇದ್ದ ಸೀಮೆ ಇದು. ಬೈಠಕ್ ಹೊಡೆದು ತೊಡೆ ಕಟ್ಟಿದ ಪೈಲ್ವಾನರನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಕುರ್ಚಿಯಿಂದ ಏಳುವುದು ಅರ್ಧ ಬೈಠಕ್ಕೇ. ‘ಫಿಸಿಯೋಥೆರಪಿ’ ಅಂದರೆ ಮುಖ ತಿರುಗಿಸುವ ಮುತ್ಯಾನಿಗೆ ‘ದಿನಾ ಹತ್ತು ಬೈಠಕ್ ಹೊಡೀರಿ’ ಅಂದರೆ ಮೈ ನೆಟ್ಟಗಾಗುತ್ತದೆ. ನೆಲಕ್ಕೆ ಕೂತು ಏಳುವ ರೂಢಿಯೂ ನಮ್ಮಲ್ಲಿತ್ತು. ಊಟಕ್ಕೆ ಚಕ್ಕಂಬಕ್ಕಳ, ಪೂಜೆಗೆ ಮಣೆ. ಡೈನಿಂಗ್ ಟೇಬಲ್, ಸೋಫಾ ಬಂದ ಮೇಲೆ ಆ ಅಭ್ಯಾಸ ತಪ್ಪಿತು. ಮೊಣಕಾಲು ಒಪ್ಪಿದರೆ ದಿನಕ್ಕೆ ಒಂದೆರಡು ಸಲವಾದರೂ ಅದನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಒಪ್ಪದಿದ್ದರೆ ಒತ್ತಾಯ ಬೇಡ, ಕುರ್ಚಿ ಇದೆ.

ಬಚ್ಚಲು, ಗುಳಿಗೆ, ಕನ್ನಡಕ

ಕಸರತ್ತೊಂದೇ ಎಲ್ಲವನ್ನೂ ತಡೆಯುವುದಿಲ್ಲ. ಬಿಪಿ ಗುಳಿಗೆ, ನಿದ್ದೆ ಗುಳಿಗೆ, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ತಲೆ ತಿರುಗಿಸಬಹುದು. ಶುಗರ್ ತೀರಾ ಇಳಿದರೂ ಹಾಗೇ. ಮಲಗಿದವರು ಎದ್ದು ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಗಮನಿಸಬೇಕಾದ ಲಕ್ಷಣ. ವೈದ್ಯರ ಹತ್ತಿರ ಹೋದಾಗ ಕೂತಾಗಿನ ಬಿಪಿಯ ಜೊತೆ ನಿಂತಾಗಿನದ್ದೂ ನೋಡಿ ಅಂತ ಕೇಳಿ. ಗುಳಿಗೆಯನ್ನು ನಾವೇ ನಿಲ್ಲಿಸಬಾರದು. ಎಲ್ಲಾ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿದರೆ ಸಾಕು. ನಾಲ್ಕು ಕಡೆಯ ನಾಲ್ಕು ಚೀಟಿಗಳಲ್ಲಿ ಏನೇನಿದೆ ಅಂತ ಆಗ ಒಬ್ಬರಿಗಾದರೂ ಕಾಣುತ್ತದೆ.

ಕಣ್ಣಿನ ಪೊರೆ ಇದ್ದರೆ ಚಿಕಿತ್ಸೆ ಮುಂದೂಡಬೇಡಿ. ದೂರಕ್ಕೂ ಓದಲಿಕ್ಕೂ ಒಂದೇ ಇರುವ ಕನ್ನಡಕದಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ, ಕೆಳಗೆ ನೋಡುವಾಗ ಓದುವ ಗಾಜು ಅಡ್ಡ ಬರುತ್ತದೆ. ಹೆಚ್ಚು ಓಡಾಡುವವರಿಗೆ ಹೊರಗಿನ ನಡಿಗೆಗೆ ಬೇರೆ ಕನ್ನಡಕ ಇದ್ದರೆ ಒಳ್ಳೆಯದು. ವಿಟಮಿನ್ ಡಿ ಕೊರತೆ ಇದ್ದರೆ ವೈದ್ಯರು ಹೇಳಿದಂತೆ ತೆಗೆದುಕೊಳ್ಳಿ. ಕೊರತೆ ಇಲ್ಲದವರು ಬರೀ ಗುಳಿಗೆ ನುಂಗಿದರೆ ಬೀಳುವುದು ತಪ್ಪುವುದಿಲ್ಲ.

ಮನೆಯೊಳಗೆ ಅಪಾಯದ ಜಾಗಗಳು ನಮಗೆ ಕಣ್ಣಿಗೆ ಕಟ್ಟಿದಷ್ಟು ಪರಿಚಿತ. ನುಣುಪು ಟೈಲ್ಸ್‌ನ ಬಚ್ಚಲು, ಹಳೆ ಮನೆಗಳಲ್ಲಿ ಹಿತ್ತಲಿಗೆ ಹೋಗುವ ಪರ್ಸಿ ಕಲ್ಲಿನ ಮೇಲೆ ಮಳೆಗಾಲದ ಪಾಚಿ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಅದು ವಾರಗಟ್ಟಲೆ ಒಣಗುವುದಿಲ್ಲ. ದೀಪಾವಳಿಯ ಎಣ್ಣೆ ಸ್ನಾನದ ದಿನ ಹಿರಿಯರನ್ನು ಬಚ್ಚಲಲ್ಲಿ ಒಬ್ಬರೇ ಬಿಡಬೇಡಿ. ನಲ್ಲಿ ನೀರು ದಿನಾ ಬರದ ಓಣಿಗಳಲ್ಲಿ ಇನ್ನೊಂದು ಅಪಾಯವಿದೆ. ನೀರು ಬಿಟ್ಟರು ಅಂತ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು, ತುಂಬಿದ ಕೊಡ ಹಿಡಿದು, ಚೆಲ್ಲಿದ ನೀರ ಮೇಲೆ ಅವಸರದಲ್ಲಿ ನಡೆಯುತ್ತಾರೆ. ಆ ಕೆಲಸವೊಂದನ್ನು ಹರೆಯದವರು ವಹಿಸಿಕೊಳ್ಳಲಿ. ಬಚ್ಚಲಿಗೆ ಗೋಡೆಗೆ ಬೋಲ್ಟ್ ಹಾಕಿದ ಸ್ಟೀಲ್ ಹಿಡಿಕೆ, ಜಾರದ ಚಾಪೆ, ರಾತ್ರಿಗೆ ಸಣ್ಣ ದೀಪ, ಹಿಂದೆ ಪಟ್ಟಿ ಇರುವ ಚಪ್ಪಲಿ. ಎಲ್ಲ ಸೇರಿದರೂ ಎಲುಬು ಆಪರೇಷನ್ನಿನ ಖರ್ಚಿನ ಹತ್ತಿರವೂ ಬರುವುದಿಲ್ಲ.

ಮನೆಯಾಚೆಯೂ ಕೆಲಸವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹಿರಿಯ ಹೆಣ್ಣುಮಕ್ಕಳು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದಾರೆ. ನನಗೆ ಇದು ಬಹಳ ಸಂತೋಷದ ವಿಷಯ. ಎಷ್ಟೋ ವರ್ಷ ಹೊಸ್ತಿಲು ದಾಟದವರು ತವರಿಗೆ, ದೇವರಿಗೆ ಹೋಗಿ ಬರುತ್ತಿದ್ದಾರೆ. ಆದರೆ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ನೋಡಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ನಿಲ್ದಾಣವೂ ಬಸ್ಸಿನ ಬಾಗಿಲೂ ಒಂದೇ ಮಟ್ಟದಲ್ಲಿರುವುದರಿಂದ ಅಜ್ಜಿಯರು ಆರಾಮಾಗಿ ಹತ್ತುತ್ತಾರೆ. ಅದೇ ಸೌಕರ್ಯ ಉಳಿದ ಬಸ್ಸುಗಳಿಗೂ ಬೇಕು. ಕನಿಷ್ಠ ಪೂರ್ತಿ ನಿಲ್ಲಿಸಿ, ಅವರು ಕಂಬಿ ಹಿಡಿಯುವ ತನಕ ಕಾಯುವ ಡ್ರೈವರ್, ಕಂಡಕ್ಟರ್ ಬೇಕು. ಪೇಟೆಯ ಫುಟ್‌ಪಾತುಗಳ ಸ್ಥಿತಿ ಹೇಳುವುದೇ ಬೇಡ. ಎತ್ತಿದ ಕಲ್ಲು, ತೆರೆದ ಗಟಾರ, ನಿಲ್ಲಿಸಿದ ಬೈಕು. ‘ವಾಕಿಂಗ್ ಹೋಗಿ’ ಅನ್ನುವ ಊರು ನಡೆಯಲು ಜಾಗವನ್ನೂ ಕೊಡಬೇಕಲ್ವಾ?

ಹಿರಿಯರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಅದರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ವಿಭಾಗ, ಫಿಸಿಯೋಥೆರಪಿ ಸೇರಿವೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಕೇಳಿ, ಕೇಳಿದರೇ ಸೇವೆ ಗಟ್ಟಿಯಾಗುತ್ತದೆ. ಆದರೆ ವಾರಕ್ಕೆ ಮೂರು ದಿನದ ಅಭ್ಯಾಸ ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ. ಅದು ಆಗಬೇಕಾಗಿರುವುದು ಹಿರಿಯರು ಈಗಾಗಲೇ ಸೇರುವ ಕಡೆ. ಭಜನಾ ಮಂಡಳಿಗಳು, ಮಠದ ಪ್ರವಚನ, ಗುಡಿಯ ಕಟ್ಟೆ, ಪಿಂಚಣಿದಾರರ ಸಂಘ. ಭಜನೆಗೆ ಮೊದಲು ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ ಕುರ್ಚಿಯಿಂದ ಎದ್ದು ಕೂತರೆ ‘ಜನ ಏನಂದಾರು’ ಅನ್ನುವ ಮಾತೇ ಉಳಿಯುವುದಿಲ್ಲ, ಆ ಜನರೂ ಪಕ್ಕದಲ್ಲೇ ಎದ್ದು ಕೂರುತ್ತಿರುತ್ತಾರೆ. ಸ್ವಾಮಿಗಳು ಒಂದು ಮಾತು ಹೇಳಿದರೆ ನಮ್ಮ ಕಡೆ ನೂರು ಕರಪತ್ರಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಬೀಳುವ ಮೊದಲೇ ಕಲಿಸಬೇಕು. ಗಾಬರಿಯಲ್ಲಿ ಥಟ್ಟನೆ ಏಳಬಾರದು. ಮೊದಲು ಉಸಿರು ತೆಗೆದುಕೊಂಡು ಎಲ್ಲಿ ನೋವಿದೆ ನೋಡಿಕೊಳ್ಳಬೇಕು. ಕಾಲಿಗೆ ಭಾರ ಹಾಕಲು ಆಗದಿದ್ದರೆ, ಟೊಂಕದಲ್ಲಿ ವಿಪರೀತ ನೋವಿದ್ದರೆ ಅಲ್ಲೇ ಇದ್ದು ಕೂಗಬೇಕು, ಓಡಿ ಬಂದವರು ಅವರನ್ನು ಎಳೆದಾಡಬಾರದು. ಏನೂ ಆಗಿಲ್ಲ ಅನ್ನಿಸಿದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಮಂಡಿಯೂರಿ ಅಂಬೆಗಾಲಲ್ಲಿ ಕುರ್ಚಿ ಅಥವಾ ಮಂಚದ ತನಕ ಹೋಗಿ, ಅದನ್ನು ಹಿಡಿದು ಗಟ್ಟಿ ಕಾಲು ಮೊದಲು ಊರಿ ಏಳಬೇಕು. ಒಬ್ಬರೇ ಇರುವವರು ಮೊಬೈಲನ್ನು ಕೊರಳಿಗೆ ಹಾಕಿಕೊಂಡಿದ್ದರೆ ಒಳ್ಳೆಯದು. ಸಹಾಯಕ್ಕೆ, ಮಾಹಿತಿಗೆ ಹಿರಿಯರ ಸಹಾಯವಾಣಿ 14567 ಇದೆ.

ಬಹಳಷ್ಟು ಹಿರಿಯರು ಬಿದ್ದದ್ದನ್ನೇ ಹೇಳುವುದಿಲ್ಲ. ಹೇಳಿದರೆ ಹೊರಗೆ ಹೋಗುವುದು ಬಂದ್ ಆಗುತ್ತದೆ ಅನ್ನುವ ಹೆದರಿಕೆ. ಮೊಣಕೈಯ ಕಂದು ಕಲೆ ಕಂಡು ನಾವೇ ಕೇಳಿದರೂ ‘ಏನಿಲ್ಲ, ಬಾಗಿಲಾ ತಾಕ್ತು’ ಅನ್ನುತ್ತಾರೆ. ಒಂದು ಸಲ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಹಾಗಾಗಿ ಆ ಮುಚ್ಚಿಟ್ಟ ಸುದ್ದಿಯೇ ನಮಗೆ ಎಲ್ಲಕ್ಕಿಂತ ಬೇಕಾದ ಸುದ್ದಿ. ಅವ್ವ ಬಂದು ‘ನಿನ್ನೆ ಬಿದ್ದಿದ್ದೆ’ ಅಂದಾಗ ‘ಯಾಕ ಹೋಗಿದ್ದಿ ಅಲ್ಲಿಗೆ?’ ಅಂತ ಗದರಬೇಡಿ. ಹೇಗೆ ಬಿದ್ದೆ, ಬೀಳುವ ಮೊದಲು ಚಕ್ಕರ್ ಬಂದಿತ್ತಾ, ಕಾಲು ಸೋತಿತ್ತಾ, ಯಾವ ಗುಳಿಗೆ ತೆಗೆದುಕೊಂಡಿದ್ದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆ ಚೀಟಿ ಮತ್ತು ಗುಳಿಗೆ ಚೀಲ ಹಿಡಿದು ಆ ವಾರವೇ ವೈದ್ಯರ ಹತ್ತಿರ ಹೋಗಿ. ಅವ್ವ ಯಾವ ಯಾವ ಕಸರತ್ತು ಮಾಡಬಹುದು ಅಂತ ಅಲ್ಲೇ ಕೇಳಿಕೊಂಡು ಬನ್ನಿ.